ರೂಟ್ ಮಾಡಿದ ಫೋನೂ ಫಸಲಿನ ಹಣವೂ



ನಮ್ಮ ಸದಸ್ಯರೊಬ್ಬರ ಮಗ ಯಲಹಂಕದಾಚೆ ಬಳ್ಳಾರಿ ರಸ್ತೆಯ ಹುಣಸಮಾರನಹಳ್ಳಿಯಲ್ಲಿ ಕೋಣೆ ಹಿಡಿದು ಇಂಜಿನಿಯರಿಂಗ್ ಓದುತ್ತಿದ್ದಾನೆ. ತನ್ನ ಹಳೆಯ ಫೋನನ್ನು 'ರೂಟ್' ಮಾಡಿ ತಂದೆಗೆ ಕೊಟ್ಟಿದ್ದಾನೆ. "ಸೆಕ್ರೆಟರಿಗಳೇ, ಹುಡುಗ ಇದನ್ನ ಸರಿಯಾಗಿ ಮಾಡಿದಾನೋ ಇಲ್ವೋ, ಕಾಫಿ ದುಡ್ಡಿನ ಲೆಕ್ಕವೆಲ್ಲ ಇದರಲ್ಲೇ ಅಲ್ವಾ" ಎಂಬುದು ತಂದೆಯ ಆತಂಕ. ಆತಂಕ ನ್ಯಾಯವಾದದ್ದೇ. ಓದಲೆಂದು ಬೆಂಗಳೂರು ಸೇರಿದ ಮಕ್ಕಳು ನಮ್ಮಲ್ಲಿ ಮನೆಗೊಬ್ಬರಂತೆ ಇರುವುದರಿಂದ ಈ ವಿಚಾರ ನಾಲ್ಕು ಜನಕ್ಕೆ ತಿಳಿದಿರುವುದು ಒಳ್ಳೆಯದು.

ರೂಟ್ ಎಂದರೆ ಬೇರು, ನಿಜ. ಆದರೆ ಇಲ್ಲಿ ಅದು ಯುನಿಕ್ಸ್ ಗಣಕಯಂತ್ರಗಳಲ್ಲಿ ಸರ್ವಾಧಿಕಾರವುಳ್ಳ ಬಳಕೆದಾರನಿಗೆ ಇಟ್ಟ ಹೆಸರು. ಕಂಪನಿಯವರು ಆಂಡ್ರಾಯ್ಡ್ ಫೋನು ಮಾರುವಾಗ ಈ ಅಧಿಕಾರವನ್ನು ಕೊಂಡವನ ಕೈಗೆ ಕೊಡುವುದಿಲ್ಲ. ಪ್ರತಿಯೊಂದು ಆ್ಯಪೂ ತನ್ನ ಕೋಣೆಯಲ್ಲೇ ಇರಬೇಕು, ಪಕ್ಕದ ಕೋಣೆಗೆ ಕೈಹಾಕಬಾರದೆಂಬುದು ಅಲ್ಲಿನ ಏರ್ಪಾಡು. ರೂಟ್ ಮಾಡುವುದೆಂದರೆ ಗೋದಾಮಿನ ಎಲ್ಲ ಕೋಣೆಗಳಿಗೂ ಹೊಂದುವ ಒಂದೇ ಬೀಗದಕೈ ಮಾಡಿಸಿಕೊಂಡ ಹಾಗೆ.

ಹುಡುಗರನ್ನು ಬೈಯುವುದು ನನ್ನ ಉದ್ದೇಶವಲ್ಲ. ಕಂಪನಿಗಳು ಬೇಡದ ಆ್ಯಪ್‌ಗಳನ್ನು ತುಂಬಿ ಕಳಿಸುತ್ತವೆ. ಕೆಲವು ವರ್ಷ ಕಳೆದರೆ ಸುಧಾರಣೆ ಕಳಿಸುವುದನ್ನೂ ನಿಲ್ಲಿಸುತ್ತವೆ. ದುಡ್ಡು ಕೊಟ್ಟು ಕೊಂಡ ವಸ್ತುವಿನ ಮೇಲೆ ಕೊಂಡವನಿಗೆ ಹಕ್ಕಿರಬೇಡವೇ? ಈ ವಾದ ನನಗೂ ಒಪ್ಪಿಗೆ. ಆದರೆ ಕಲಿಯುವ ಫೋನು ಬೇರೆ, ಬ್ಯಾಂಕಿನ ಫೋನು ಬೇರೆ.

ಸಾಮಾನ್ಯವಾಗಿ ನಡೆಯುವ ಕ್ರಮ ಹೀಗಿದೆ. ಮೊದಲು ಬೂಟ್‌ಲೋಡರ್ ಎಂಬ ಬೀಗ ತೆಗೆಯುತ್ತಾರೆ. ಆಗ ಫೋನಿನೊಳಗಿನ ಮಾಹಿತಿಯೆಲ್ಲ ಅಳಿಸಿಹೋಗುತ್ತದೆ. ಬಳಿಕ ಫೋನನ್ನು ಎಬ್ಬಿಸುವ ಕಡತವನ್ನು ಮ್ಯಾಜಿಸ್ಕ್‌ನಂಥ ಸಾಧನದಿಂದ ತಿದ್ದುತ್ತಾರೆ. ಮ್ಯಾಜಿಸ್ಕ್‌ನ ಮೂಲ ಬರಹ ಎಲ್ಲರ ಪರಿಶೀಲನೆಗೂ ತೆರೆದಿದೆ, ಯಾವ ಆ್ಯಪಿಗೆ ಅಧಿಕಾರ ಕೊಡಬೇಕೆಂದು ಅದು ಕೇಳುತ್ತದೆ. 'ಒಂದೇ ಒತ್ತಿಗೆ ರೂಟ್' ಎಂದು ಎಲ್ಲೆಲ್ಲೋ ಸಿಗುವ ಸಾಧನಗಳ ಮಾತು ಬೇರೆ. ಅವುಗಳ ಜೊತೆ ಒಳಗೆ ಇನ್ನೇನು ಬಂತೆಂದು ಮಾಡಿದ ಹುಡುಗನೇ ಹೇಳಲಾರ. ಬೀಗ ತೆರೆದೇ ಇದ್ದರೆ, ಫೋನು ಕೈಗೆ ಸಿಕ್ಕವನು ತನಗೆ ಬೇಕಾದ ತಂತ್ರಾಂಶ ತುಂಬಬಹುದು.

ನಮ್ಮ ಸದಸ್ಯರ ಫೋನಿನಲ್ಲಿ ನನಗೆ ಹೆಚ್ಚು ಕಳವಳ ತಂದದ್ದು ಇನ್ನೊಂದು ಸಂಗತಿ. ಬ್ಯಾಂಕಿನ ಆ್ಯಪ್ ಇಂಥ ಫೋನಿನಲ್ಲಿ ಕೆಲಸ ಮಾಡಲು ನಿರಾಕರಿಸಿದಾಗ, ರೂಟ್ ಆಗಿರುವುದನ್ನು ಮರೆಮಾಚುವ ಉಪಾಯ ಹೂಡಿ ಹುಡುಗ ಅದನ್ನು ನಡೆಸಿದ್ದಾನೆ. ಅಂದರೆ ಎಚ್ಚರಿಸಬೇಕಾದ ಕಾವಲುಗಾರನ ಕಣ್ಣನ್ನೇ ಕಟ್ಟಿದಂತಾಯಿತು. 2017ರ ಜುಲೈ 6ರ ರಿಸರ್ವ್ ಬ್ಯಾಂಕ್ ಸುತ್ತೋಲೆ, ಮೂರನೆಯವರ ವಂಚನೆಯನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದ ಗ್ರಾಹಕನಿಗೆ ರಕ್ಷಣೆ ನೀಡಿತು. ಗ್ರಾಹಕನ ನಿರ್ಲಕ್ಷ್ಯದಿಂದಾದ ನಷ್ಟವನ್ನು, ದೂರು ಕೊಡುವವರೆಗಿನ ಮಟ್ಟಿಗೆ, ಅವನ ಮೇಲೆಯೇ ಹೊರಿಸಿತು. ಮರೆಮಾಚಿದ ಫೋನನ್ನು ಬ್ಯಾಂಕಿನವರು ಯಾವ ಸಾಲಿಗೆ ಸೇರಿಸಲು ನೋಡುತ್ತಾರೆಂದು ಊಹಿಸುವುದು ಕಷ್ಟವಲ್ಲ. ವರ್ಷಕ್ಕೊಮ್ಮೆ ಬರುವ ಫಸಲಿನ ಹಣ ಒಂದೇ ಖಾತೆಯಲ್ಲಿರುವಾಗ ಇಂಥ ತಕರಾರಿಗೆ ಎಡೆಗೊಡುವುದು ತರವಲ್ಲ.

ಅವರಿಗೆ ನಾನು ಹೇಳಿದ್ದಿಷ್ಟು: ಬ್ಯಾಂಕಿಗೆ ಜೋಡಿಸಿದ ಸಿಮ್ಮನ್ನು ತೆಗೆದು ಬೇರೆ ಫೋನಿಗೆ ಹಾಕಿ. ಸಾದಾ ಗುಂಡಿ ಫೋನಾದರೂ ಸಾಕು. ಅದರಲ್ಲೇ ಹಣ ಕಳಿಸಲು ಯುಪಿಐ 123ಪೇ ಎಂಬ ವ್ಯವಸ್ಥೆ 2022ರ ಮಾರ್ಚಿನಲ್ಲಿ ಬಂದಿದೆ. ಪಾಸ್‌ವರ್ಡ್, ಯುಪಿಐ ಪಿನ್ ಬದಲಾಯಿಸಿ, ಆದರೆ ಅದೇ ಫೋನಿನಿಂದಲ್ಲ. ಬರಿಯ 'ಫ್ಯಾಕ್ಟರಿ ರೀಸೆಟ್' ಸಾಲದು, ತಿದ್ದಿದ ಕಡತ ಹಾಗೆಯೇ ಉಳಿಯುತ್ತದೆ. ಕಂಪನಿಯ ಮೂಲ ತಂತ್ರಾಂಶವನ್ನು ಪೂರ್ತಿ ತುಂಬಿಸಿ, ಆಮೇಲೆ ಬೀಗ ಹಾಕಿಸಬೇಕು. ತಿದ್ದಿದ್ದನ್ನು ಒಳಗಿಟ್ಟುಕೊಂಡು ಮೊದಲೇ ಬೀಗ ಹಾಕಿದರೆ ಫೋನು ಏಳದೆಯೇ ಹೋಗಬಹುದು.

ಪೇಟೆಯಲ್ಲಿ ಹಳೆಯ ಫೋನು ಕೊಳ್ಳುವ ಸದಸ್ಯರು ದುಡ್ಡು ಎಣಿಸುವ ಮೊದಲು ಅದನ್ನು ಒಮ್ಮೆ ಆರಿಸಿ ಪುನಃ ಹಚ್ಚಿ ನೋಡಬೇಕು. ಬೀಗ ತೆರೆದ ಫೋನುಗಳಲ್ಲಿ ಹೆಚ್ಚಿನವು ಏಳುವಾಗಲೇ ಎಚ್ಚರಿಕೆಯ ಬರಹ ತೋರಿಸುತ್ತವೆ. ಪ್ಲೇ ಸ್ಟೋರ್‌ನ ಸೆಟ್ಟಿಂಗ್ಸ್‌ನಲ್ಲಿ, ಅಬೌಟ್ ಎಂಬಲ್ಲಿ, ಈ ಫೋನು ಪ್ರಮಾಣಿತವೇ ಎಂಬುದೂ ಕಾಣಿಸುತ್ತದೆ, ಆದರೆ ಮರೆಮಾಚುವವರ ಕೈಚಳಕ ಅದನ್ನೂ ಏಮಾರಿಸಬಲ್ಲದು. ಹಣ ಹೋಗಿಯೇಬಿಟ್ಟರೆ ಸಂಘದ ಕಚೇರಿ ತೆರೆಯುವ ತನಕ ಕಾಯಬೇಡಿ, ತಕ್ಷಣ 1930ಕ್ಕೆ ಕರೆಮಾಡಿ, ಬ್ಯಾಂಕಿಗೂ ತಿಳಿಸಿ.