ಹಾಡಿಗೂ ಒಂದು ದಾಸ್ತಾನು ವಹಿ

ಚಿನ್ನಮನೂರಿನ ಓದುಗ ಸೋದರಿಯೊಬ್ಬರು ಕಳೆದ ತಿಂಗಳು ನಮಗೊಂದು ಕಾಗದ ಬರೆದಿದ್ದರು. “ಮೊಬೈಲಿನಲ್ಲಿ ಬೇಕಾದ ಹಾಡು ಬೇಕಾದಾಗ ಬಿಟ್ಟಿಯಾಗಿ ಬರುತ್ತದೆ. ಹೀಗಿದ್ದೂ ನಮ್ಮ ಮಗ ಹಣ ತೆತ್ತು ಹಾಡು ಕೊಳ್ಳುತ್ತಾನೆ. ಇದು ದುಂದುಗಾರಿಕೆಯಲ್ಲವೆ, ಮೇಷ್ಟ್ರೇ?” ಎಂಬುದು ಅವರ ಪ್ರಶ್ನೆ. ಪ್ರಶ್ನೆಯೇನೋ ಚಿಕ್ಕದು. ಆದರೆ ಅದಕ್ಕೆ ಉತ್ತರ ಬರೆಯಲು ಕುಳಿತಾಗ ನಮ್ಮದೇ ಒಂದು ತಪ್ಪನ್ನು ಬಂಧುಗಳ ಮುಂದೆ ಒಪ್ಪಿಕೊಳ್ಳಬೇಕಾದ ಪ್ರಸಂಗ ಒದಗಿದೆ.

ಮೊದಲು ಹಳೆಯ ಮಾತು. ನಾವು ಬಾಲಕರಾಗಿದ್ದ ಕಾಲದಲ್ಲಿ ತೇನಿ, ಕಂಬಂ, ದಿಂಡಿಗಲ್ ಪೇಟೆಗಳಲ್ಲಿ ಕನ್ನಡ ಹಾಡಿನ ಧ್ವನಿಸುರುಳಿಯನ್ನು ನಾವು ಕಂಡವರಲ್ಲ. ಬೆಂಗಳೂರಿಗೋ ಮೈಸೂರಿಗೋ ಹೋಗಿಬಂದ ನೆಂಟರು ತಂದುಕೊಟ್ಟರೆ ಉಂಟು, ಇಲ್ಲವಾದರೆ ಇಲ್ಲ. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಕೂಡಿಸಿದ, 1978ರಲ್ಲಿ ಹೊರಬಂದ ‘ನಿತ್ಯೋತ್ಸವ’ ನಮ್ಮ ಮನೆಗೆ ಹಾಗೆಯೇ ಬಂದಿತು. 1981ರ ‘ಗೀತಾ’ ಚಿತ್ರದ ಹಾಡುಗಳೂ ಹಾಗೆಯೇ ಬಂದವು. ಅದರ ಸಂಗೀತ ನಿರ್ದೇಶಕರಾದ ಇಳಯರಾಜರು ನಮ್ಮ ತೇನಿ ಜಿಲ್ಲೆಯ ಪಣ್ಣೈಪುರದವರೇ. ನಮ್ಮ ಸೀಮೆಯವರು ರಾಗ ಕಟ್ಟಿದ ಕನ್ನಡ ಹಾಡು ಬೆಂಗಳೂರನ್ನು ಸುತ್ತಿಕೊಂಡು ನಮ್ಮ ಮನೆ ಸೇರಬೇಕಾಗಿತ್ತು! ಆ ಸುರುಳಿಗೆ ಬೆಲೆಯಿತ್ತು. ಬೆಲೆ ತೆತ್ತುದರಿಂದ ಜೋಪಾನವೂ ಇತ್ತು. ಹೊದಿಕೆಯ ಮೇಲೆ ಕವಿ ಯಾರು, ಹಾಡಿದವರು ಯಾರು ಎಂಬುದು ಅಚ್ಚಾಗಿರುತ್ತಿತ್ತು.

ಈಗ ಹಾಡನ್ನು ಪಡೆಯುವ ದಾರಿಗಳು ಹಲವು. ತಿಂಗಳ ಚಂದಾ ಕಟ್ಟಿ, ಇಲ್ಲವೇ ನಡುನಡುವೆ ಜಾಹೀರಾತು ಕೇಳಿಸಿಕೊಂಡು, ಅಂತರಜಾಲದಿಂದ ಹಾಡು ಕೇಳುವುದು ಒಂದು ದಾರಿ. ಸ್ಪಾಟಿಫೈ 2019ರಲ್ಲಿ ನಮ್ಮ ದೇಶಕ್ಕೆ ಬಂದದ್ದು ಇಂಥ ಏರ್ಪಾಡಾಗಿ. ಅನುಕೂಲವೇನೋ ನಿಜ; ಆದರೆ ಅದು ಬಾಡಿಗೆಯ ಮನೆ. ಏರ್‌ಟೆಲ್ ಕಂಪನಿ 2024ರಲ್ಲಿ ತನ್ನ ‘ವಿಂಕ್ ಮ್ಯೂಸಿಕ್’ ಸೇವೆಯನ್ನು ನಿಲ್ಲಿಸಿದಾಗ ಅಲ್ಲಿದ್ದವರೆಲ್ಲ ಬೇರೆ ಕಡೆಗೆ ಗಂಟುಮೂಟೆ ಕಟ್ಟಬೇಕಾಯಿತು. ಹಾಡನ್ನೇ ಕೊಂಡು ನಮ್ಮ ಯಂತ್ರಕ್ಕೆ ಇಳಿಸಿಕೊಳ್ಳುವುದು ಎರಡನೆಯ ದಾರಿ. ಬೆಂಗಳೂರಿನ ಫ್ಲಿಪ್‌ಕಾರ್ಟ್ ಸಂಸ್ಥೆ 2012ರಲ್ಲಿ ‘ಫ್ಲೈಟ್’ ಎಂಬ ಹಾಡಿನಂಗಡಿ ತೆರೆದು 2013ರಲ್ಲಿಯೇ ಮುಚ್ಚಿತು. ಅಂಗಡಿ ಮುಚ್ಚಿದರೂ, ಕೊಂಡುದನ್ನು ಇಳಿಸಿ ಜೋಪಾನ ಮಾಡಿಕೊಂಡವರ ಹಾಡು ಅವರಲ್ಲೇ ಉಳಿಯಿತು. ಇದೇ ಎರಡು ದಾರಿಗಳ ವ್ಯತ್ಯಾಸ.

ಹಣ ಯಾರಿಗೆ ಸೇರುತ್ತದೆ ಎಂಬುದನ್ನೂ ನೋಡಬೇಕು. ಚಂದಾ ಪದ್ಧತಿಯಲ್ಲಿ ಬಹುಮಟ್ಟಿಗೆ ಎಲ್ಲರ ಹಣವೂ ಒಂದೇ ಹುಂಡಿಗೆ ಬೀಳುತ್ತದೆ. ಯಾವ ಹಾಡನ್ನು ಎಷ್ಟು ಸಲ ಕೇಳಿದರೆಂಬ ಲೆಕ್ಕದಂತೆ ಹಂಚಿಕೆಯಾಗುತ್ತದೆ. ಹೆಸರುವಾಸಿಯಾದವರಿಗೆ ದೊಡ್ಡ ಪಾಲು. ಹಳ್ಳಿಯ ಗಾಯಕನಿಗೆ ಕಾಸು. ಅಮೆರಿಕದಲ್ಲಿ 2008ರಲ್ಲಿ ಆರಂಭವಾದ ‘ಬ್ಯಾಂಡ್‌ಕ್ಯಾಂಪ್’ ಎಂಬ ಅಂಗಡಿಯ ರೀತಿ ಬೇರೆ. ಹಾಡಿನ ಬೆಲೆಯನ್ನು ಕಲಾವಿದನೇ ಗೊತ್ತುಮಾಡುತ್ತಾನೆ. ಮನಸ್ಸಿದ್ದವರು ಅದಕ್ಕಿಂತ ಹೆಚ್ಚನ್ನೂ ಕೊಡಬಹುದು. ಅಂಗಡಿಯವರು ಸಾಮಾನ್ಯವಾಗಿ ನೂರಕ್ಕೆ 15ರಷ್ಟನ್ನು ಹಿಡಿದುಕೊಳ್ಳುತ್ತಾರೆ. ನಮ್ಮ ದೇಶದಲ್ಲಿಯೂ 1957ರ ಕೃತಿಸ್ವಾಮ್ಯ ಕಾನೂನಿಗೆ 2012ರಲ್ಲಿ ತಿದ್ದುಪಡಿಯಾಗಿ, ಚಿತ್ರಗೀತೆಯನ್ನು ಚಿತ್ರಮಂದಿರದಾಚೆ ಬಳಸಿದಾಗ ಬರುವ ಗೌರವಧನದಲ್ಲಿ ಹಾಡು ಬರೆದವರಿಗೂ ರಾಗ ಹಾಕಿದವರಿಗೂ ಸಮಪಾಲಿನ ಹಕ್ಕು ದೊರೆತಿದೆ.

ಇಷ್ಟೆಲ್ಲ ತಿಳಿದ ನಾವು ಮಾಡಿದ್ದೇನು? ಕೆಲವು ವರ್ಷಗಳ ಹಿಂದೆ ಪೇಟೆಯ ಮೊಬೈಲ್ ಅಂಗಡಿಯೊಂದರಲ್ಲಿ ಮೂವತ್ತು ರೂಪಾಯಿ ಕೊಟ್ಟು ಮೆಮೊರಿ ಕಾರ್ಡಿನ ತುಂಬ ಹಾಡು ಹಾಕಿಸಿಕೊಂಡೆವು. ಆ ಮೂವತ್ತು ರೂಪಾಯಿಯಲ್ಲಿ ಹಾಡಿದವರಿಗೆ ಒಂದು ಪೈಸೆಯೂ ಸೇರಲಿಲ್ಲ. ಹಾಡುಗಳಿಗೆ ಹೆಸರೂ ಇರಲಿಲ್ಲ, ಬರಿಯ ಅಂಕಿಗಳು. ಅದೇ ಫೋನಿನಲ್ಲಿ ನಾವು ನಮ್ಮ ಸೋದರತ್ತೆಯ ಮೂರು ಸೋಬಾನೆ ಹಾಡುಗಳನ್ನೂ ಹಿಡಿದಿಟ್ಟುಕೊಂಡಿದ್ದೆವು. ಕಂಬಂ ಕಣಿವೆಯ ನಮ್ಮ ಮನೆಗಳ ಕನ್ನಡಕ್ಕೆ ಅಕ್ಷರದ ಆಸರೆ ಕಡಿಮೆ. ಅದು ಉಳಿದಿರುವುದೇ ಇಂಥ ಹೆಂಗಸರ ನಾಲಗೆಯಲ್ಲಿ. ಫೋನು ಕೆಟ್ಟಿತು. ರಿಪೇರಿಗೆ ಕೊಡುವ ಮುನ್ನ ಕಾರ್ಡನ್ನು ತೆಗೆದಿಟ್ಟುಕೊಂಡೆವು. ಹಿಂದಿರುಗಿ ಬಂದಾಗ ಫೋನಿನ ಒಳಗಿದ್ದುದೆಲ್ಲ ಅಳಿಸಿಹೋಗಿತ್ತು. ಕಾರ್ಡಿನಲ್ಲಿದ್ದ ಚಿತ್ರಗೀತೆಗಳೆಲ್ಲ ಉಳಿದವು. ಅತ್ತೆಯ ಹಾಡು ಹೋಯಿತು. ಪ್ರತಿ ತೆಗೆದಿಡದೆ ಕೊಟ್ಟದ್ದು ನಮ್ಮ ತಪ್ಪೇ ಹೊರತು ಇನ್ನಾರದೂ ಅಲ್ಲ.

ಈಚೆಗೆ ಮತ್ತೆ ಅತ್ತೆಯ ಮನೆಗೆ ಹೋದೆವು. ವಯಸ್ಸು ಎಂಬತ್ತು ದಾಟಿದೆ. ಎರಡು ಹಾಡುಗಳನ್ನು ನಿಧಾನವಾಗಿ ಹಾಡಿಕೊಟ್ಟರು. ಮೂರನೆಯದು ಅರ್ಧಕ್ಕೆ ನಿಂತಿತು. ಎಷ್ಟು ನೆನೆದರೂ ಮುಂದಿನ ಸೊಲ್ಲು ಬರಲಿಲ್ಲ. ಆಮೇಲೆ ನಮ್ಮ ಮುಖ ನೋಡಿ, “ನೀನು ಹಿಡಿದಿಟ್ಕೊಂಡಿದೀಯಲ್ಲಪ್ಪಾ ಅಂತ ನಾನು ಮರೆತುಬಿಟ್ಟೆ” ಎಂದರು. ನಮಗೆ ಉತ್ತರ ಹೊರಡಲಿಲ್ಲ.

ಶಿಕ್ಷಕ ತರಬೇತಿಯ ದಿನಗಳಲ್ಲಿ ನಮಗೆ ಕಲಿಸಿದ್ದ ಕೆಲಸಗಳಲ್ಲಿ ದಾಸ್ತಾನು ವಹಿ ಬರೆಯುವುದೂ ಒಂದು. ಶಾಲೆಗೆ ಒಂದು ಗೋಲ ಬಂದರೂ ಅದು ಎಂದು ಬಂದಿತು, ಯಾರಿಂದ ಬಂದಿತು, ಬೆಲೆಯೆಷ್ಟು, ಎಲ್ಲಿದೆ ಎಂದು ಬರೆಯಬೇಕು. ಮುರುಕು ಕುರ್ಚಿಗೂ ಲೆಕ್ಕವಿಟ್ಟ ನಾವು ಅತ್ತೆಯ ಹಾಡಿಗೆ ಲೆಕ್ಕವಿಡಲಿಲ್ಲ. ಈಗ ಮನೆಯಲ್ಲಿ ಒಂದು ನೋಟುಪುಸ್ತಕ ತೆರೆದಿದ್ದೇವೆ. ಹಾಡಿನ ಮೊದಲ ಸೊಲ್ಲು, ಹಾಡಿದವರು, ಊರು, ದಿನಾಂಕ, ಯಾವ ಶುಭಕಾರ್ಯದ ಹಾಡು, ಇತರರಿಗೆ ಕೇಳಿಸಲು ಅವರ ಒಪ್ಪಿಗೆಯುಂಟೆ ಎಂಬ ಅಂಕಣಗಳು ಅದರಲ್ಲಿವೆ. ಪ್ರತಿಯೊಂದು ಹಾಡಿಗೂ ಮೂರು ಪ್ರತಿ: ಒಂದು ಗಣಕಯಂತ್ರದಲ್ಲಿ, ಒಂದು ಪೆನ್ ಡ್ರೈವಿನಲ್ಲಿ, ಇನ್ನೊಂದು ದಿಂಡಿಗಲ್ಲಿನಲ್ಲಿರುವ ಮಗಳ ಮನೆಯಲ್ಲಿ. ವರ್ಷಕ್ಕೊಮ್ಮೆ ತೆರೆದು ಕೇಳಿ, ಸರಿಯಾಗಿದ್ದರೆ ಪುಸ್ತಕದಲ್ಲಿ ಸಹಿ. ಹಣ ಕೊಟ್ಟು ಕೊಂಡ ಹಾಡುಗಳಿಗೂ ಇದೇ ಪುಸ್ತಕ.

ಅತ್ತೆಗೆ ವೀಳ್ಯದ ತಟ್ಟೆಯಲ್ಲಿ ಸೀರೆ, ಕಾಣಿಕೆ ಇಟ್ಟು ಕೊಟ್ಟೆವು. “ಹಾಡಿದ್ದಕ್ಕೂ ಕಾಸು ಕೊಡ್ತಾರೇನಪ್ಪಾ?” ಎಂದು ನಕ್ಕರು. ಕೊಡಬೇಕು. ಹಾಡಿದವರಿಗೆ ವೀಳ್ಯ ಕೊಡದೆ ಕಳಿಸಬಾರದೆಂಬುದು ನಮ್ಮ ಹಿರಿಯರ ಪದ್ಧತಿಯೇ ಅಲ್ಲವೆ? ದೂರದ ಗಾಯಕನಿಗೆ ಅಂತರಜಾಲದ ಮೂಲಕ ಸಲ್ಲಿಸುವ ಹಣವೂ ಅದೇ ವೀಳ್ಯ. ತಟ್ಟೆ ಮಾತ್ರ ಬೇರೆ.

ಆದುದರಿಂದ, ಚಿನ್ನಮನೂರಿನ ಸೋದರಿಗೆ ನಮ್ಮ ಉತ್ತರವಿಷ್ಟು. ತಮ್ಮ ಮಗನದು ದುಂದುಗಾರಿಕೆಯಲ್ಲ. ಮಿತಿಯರಿತು ಕೊಳ್ಳಲಿ, ಕೊಂಡುದನ್ನು ಜೋಪಾನ ಮಾಡಲಿ. ಆದರೆ ಯಾವ ಅಂಗಡಿಯಲ್ಲಿಯೂ ಕೊಳ್ಳಲು ಸಿಗದ ಹಾಡುಗಳು ತಮ್ಮ ಮನೆಯ ಜಗಲಿಯ ಮೇಲೆ ಕುಳಿತಿರಬಹುದು. ಬರುವ ಭಾನುವಾರ ಆ ಮಗನನ್ನು ಅಜ್ಜಿಯ ಬಳಿ ಕೂರಿಸಿರಿ. ಮೊಬೈಲು ಹೇಗೂ ಅವನ ಕೈಯಲ್ಲಿರುತ್ತದೆ. ನೋಟುಪುಸ್ತಕವೊಂದನ್ನು ತಾವು ಕೊಡಿರಿ.