ಮೆಟ್ಲು ಇಳಿಯಕ್ಕೆ ಸಾದಾ ಗ್ಲಾಸೇ ಬೇಕು ಕಣ್ರವ್ವ

“ಅಭ್ಯಾಸ ಆಗ್ತದೆ ಬಿಡಿ.” ಹೊಸ ಕನ್ನಡಕ ಹಾಕ್ಕೊಂಡ್ರೆ ತಲೆ ತಿರುಗ್ತದೆ ಅಂತ ಹೇಳೋ ಹೆಂಗಸಿಗೆ ಅಂಗಡಿಯವ್ರು, ಮನೆ ಯಜಮಾನ್ರು, ಬೆಂಗಳೂರಲ್ಲಿರೋ ಮಕ್ಕಳು, ಕೊನೆಗೆ ವಾರಗಿತ್ತಿ ಸಮೇತ ಎಲ್ರೂ ಕೊಡೋ ಉತ್ತರ ಇದೊಂದೇ. ಈ ಮಾತು ಅರ್ಧ ನಿಜ. ಇನ್ನರ್ಧ ಸುಳ್ಳು, ಅದೂ ಎಂಥ ಸುಳ್ಳು ಅಂದ್ರೆ ನಮ್ಮ ಸಕಲೇಶಪುರ, ಆಲೂರು ಕಡೆ ಗುಡ್ಡದ ಮನೆಗಳಲ್ಲಿ ಸೊಂಟ ಮುರಿಸೋ ಅಂಥದ್ದು. ಅದನ್ನೇ ಇವತ್ತು ಬರೀತಿದೀನಿ. ಯಾರಿಗಾದ್ರೂ ಸಿಟ್ಟು ಬಂದ್ರೆ ಬರ್ಲಿ.

ನಾನು ಹೇಳ್ತಿರೋದು ಪ್ರೋಗ್ರೆಸಿವ್ ಗ್ಲಾಸಿನ ವಿಷಯ. ನಲವತ್ತು ದಾಟ್ತಿದ್ದಂಗೆ ಕಣ್ಣೊಳಗಿನ ಮಸೂರ ಗಟ್ಟಿಯಾಗ್ತಾ ಬಂದು ಹತ್ರದ್ದು ಕಾಣಲ್ಲ, ಚಾಳೀಸು ಬಂತು ಅಂತೀವಲ್ಲ, ಅದು. ದೂರಕ್ಕೂ ಪವರ್ ಇರೋರಿಗೆ ಆಗ ಎರಡು ಕನ್ನಡಕ ಬೇಕಾಗ್ತದೆ. ಹಿಂದೆ ಇದಕ್ಕೆ ಬೈಫೋಕಲ್ ಕೊಡ್ತಿದ್ರು, ಅಜ್ಜಯ್ಯಂದಿರ ಕನ್ನಡಕದಲ್ಲಿ ಕೆಳಗಡೆ ಅರ್ಧಚಂದ್ರದ ಹಂಗೆ ಗೆರೆ ಇರ್ತಿತ್ತು ನೋಡಿ. 1959ರಲ್ಲಿ ಫ್ರಾನ್ಸಿನ ಬರ್ನಾರ್ ಮೆತೆನಾಜ್ ಅನ್ನೋ ಎಂಜಿನಿಯರ್ ಮಾಡಿದ ವ್ಯಾರಿಲಕ್ಸ್ ಮಾರುಕಟ್ಟೆಗೆ ಬಂತು, ಅದ್ರಲ್ಲಿ ಗೆರೆನೇ ಇಲ್ಲ. ಮೇಲ್ಗಡೆ ದೂರದ್ದು, ಕೆಳಗಡೆ ಓದೋದು, ನಡುವೆ ಒಂದು ಕಿರಿದಾದ ಓಣಿ, ಅದ್ರಲ್ಲಿ ಕೈಯಳತೆ ದೂರದ್ದು. ಪವರ್ ಮೇಲಿಂದ ಕೆಳಕ್ಕೆ ಹಂತಹಂತವಾಗಿ ಬದಲಾಗ್ತಾ ಹೋಗ್ತದೆ. ಆ ಓಣಿಯ ಎಡಕ್ಕೂ ಬಲಕ್ಕೂ ಮಸುಕು. ದುಬಾರಿ ಗ್ಲಾಸಲ್ಲಿ ಮಸುಕು ಕಮ್ಮಿ ಇರ್ತದೆ, ಅಗ್ಗದ್ರಲ್ಲಿ ಜಾಸ್ತಿ. ಮಸುಕೇ ಇಲ್ಲದ ಪ್ರೋಗ್ರೆಸಿವ್ ಮಾತ್ರ ಇಲ್ಲ. ಇದನ್ನ ಅಂಗಡಿಯಲ್ಲಿ ಮುಂಚೇನೇ ಹೇಳೋರು ಕಮ್ಮಿ.

ನಿಜದ ಅರ್ಧ ಯಾವ್ದು ಅಂತ ಮೊದ್ಲು ಒಪ್ಕೊಂಡ್ ಬಿಡ್ತೀನಿ. ನಾನು ಹಾಕ್ಕೊಂಡ ಮೊದ್ಲ ದಿನ ಕಾಫಿ ಒಣಗ್ಸೋ ಕಣ ಒಂದು ಕಡೆ ಎತ್ತರ ಆದಂಗೆ, ಬಾಗ್ಲು ಚೌಕಟ್ಟು ಸೊಟ್ಟ ಆದಂಗೆ ಕಾಣ್ತಿತ್ತು. ಪೇಪರ್ ಓದುವಾಗ ಸಾಲಿನ ನಡು ಮಾತ್ರ ಸರಿ, ಎರಡೂ ತುದಿ ನೀರಲ್ಲಿ ನೆನೆದಂಗೆ. ಹಾಸನದಿಂದ ಬರೋ ಬಸ್ಸಲ್ಲಿ ಕಿಟಕಿ ಕಡೆ ಕಣ್ಣು ಹಾಯಿಸಿದ್ರೆ ಬಾಳ್ಳುಪೇಟೆ ಬರೋ ಹೊತ್ತಿಗೆ ಹೊಟ್ಟೆ ತೊಳಸ್ತಿತ್ತು. ಇದೆಲ್ಲ ಹತ್ತು ಹದಿನೈದು ದಿನದಲ್ಲಿ ಹೋಯ್ತು. ಮೂಗು ಯಾವ ಕಡೆ ತಿರುಗ್ತದೋ ಆ ಕಡೆದೇ ಚೆನ್ನಾಗಿ ಕಾಣೋದು ಅಂತ ಒಂದು ಸಲ ತಿಳ್ಕೊಂಡ್ರೆ, ಕಣ್ಣು ಓರೆ ಮಾಡೋ ಬದಲು ಕತ್ತು ತಿರುಗ್ಸೋದು ತಾನಾಗೇ ಬರ್ತದೆ. ಬೆಳಗ್ಗೆ ಎದ್ದ ಕೂಡ್ಲೇ ಹಾಕ್ಕೊಬೇಕು. ಹಳೇದನ್ನ ಒಂದು ಗಳಿಗೆ, ಹೊಸದನ್ನ ಒಂದು ಗಳಿಗೆ ಹಾಕ್ತಿದ್ರೆ ಕಣ್ಣು ಯಾವತ್ತೂ ಒಗ್ಗಲ್ಲ. ಮೊದ್ಲ ವಾರ ಮನೆ ಒಳಗೆ, ಸಮ ನೆಲದಲ್ಲಿ, ಕೂತು ಮಾಡೋ ಕೆಲಸದಲ್ಲಿ ಅಭ್ಯಾಸ ಮಾಡಿ. ಕುಯ್ಲಿನ ಟೈಮಲ್ಲಿ ಶುರು ಮಾಡಕ್ಕೆ ಹೋಗ್ಬೇಡಿ.

ಇನ್ನು ಸುಳ್ಳಿನ ಅರ್ಧ. ಮೆಟ್ಲು ಇಳಿಯುವಾಗ ನಾವು ಕಾಲ್ ಬುಡ ನೋಡ್ತೀವಿ. ಕಾಲ್ ಬುಡ ನೋಡಕ್ಕೆ ಕಣ್ಣು ಕೆಳಗೆ ಹೋಗ್ತದೆ, ಅಂದ್ರೆ ಗ್ಲಾಸಿನ ಕೆಳಗಿನ ಭಾಗಕ್ಕೆ. ಆ ಭಾಗ ಪುಸ್ತಕ ಹಿಡಿಯೋ ದೂರಕ್ಕೆ, ಸುಮಾರು ಒಂದೂಕಾಲು ಅಡಿ ಒಂದೂವರೆ ಅಡಿಗೆ ಮಾಡಿರೋದು. ಮೆಟ್ಲು ಇರೋದು ಐದು ಅಡಿ ಕೆಳಗೆ. ಮೆಟ್ಲ ಅಂಚು ಮಸುಕಾಗ್ತದೆ, ಎಷ್ಟು ಆಳ ಐತೆ ಅಂತ ಅಂದಾಜು ತಪ್ತದೆ. ಇದು ಗ್ಲಾಸಿನ ಲೆಕ್ಕ. ಆರು ತಿಂಗ್ಳು ಹಾಕ್ಕೊಂಡ್ರೂ ಆ ಲೆಕ್ಕ ಬದಲಾಗಲ್ಲ. ಗಲ್ಲನ ಎದೆಗೆ ಒತ್ತಿ, ಗ್ಲಾಸಿನ ಮೇಲಿನ ಭಾಗದಿಂದ ನೋಡಿದ್ರೆ ಮಾತ್ರ ಮೆಟ್ಲು ಮೆಟ್ಲಾಗೇ ಕಾಣೋದು. ಹೆಗಲ ಮೇಲೆ ಹುಲ್ಲಿನ ಹೊರೆ, ಸೊಂಟದಲ್ಲಿ ಬಿಂದಿಗೆ ಇರೋಳು ಗಲ್ಲ ಎದೆಗೆ ಒತ್ಕೊಂಡು ನಡೀತಾಳಾ?

ಬೆಂಗಳೂರಲ್ಲಿ ಲಿಫ್ಟು ಹತ್ತಿ ಇಳಿಯೋರಿಗೆ ಇದು ದೊಡ್ಡ ಮಾತಲ್ಲ. ನಮ್ಮ ಮನೆಗಳು ಗುಡ್ಡದ ಮಗ್ಗುಲಲ್ಲಿ ಅವೆ. ಜಗಲಿಯಿಂದ ಅಂಗಳಕ್ಕೆ ಮೆಟ್ಲು, ಅಂಗಳದಿಂದ ಕಣಕ್ಕೆ ಮೆಟ್ಲು, ಕೊಟ್ಟಿಗೆಗೆ ಬೇರೆ. ಒಂದರ ಎತ್ತರ ಇನ್ನೊಂದಕ್ಕಿಲ್ಲ, ಹಿರೀಕರು ಕಲ್ಲು ಸಿಕ್ಕಿದ ಹಂಗೆ ಕಟ್ಕೊಂಡ್ ಹೋಗವ್ರೆ. ಜೂನ್ ಬಂದ್ರೆ ನಾಲ್ಕು ತಿಂಗ್ಳು ಪಾಚಿ. ತೋಟದೊಳಗೆ ಬೇರು, ತರಗು, ಹಳ್ಳ ದಾಟಕ್ಕೆ ಅಡ್ಡ ಹಾಕಿರೋ ಮರ. ಹೆತ್ತೂರು, ಯಸಳೂರು ಕಡೆ ಮಳೆ ಹೆಂಗೆ ಬರ್ತದೆ ಅಂತ ನಿಮಗೇನು ಹೇಳ್ಬೇಕಾಗಿಲ್ಲ. ಗ್ಲಾಸಿನ ಮೇಲೆ ಹನಿ, ಒಳಗೆ ಹಬೆ, ಕೆಳಗಡೆ ಮಸುಕು. ಇಂಥ ಜಾಗದಲ್ಲಿ ಇಳಿಯೋ ಹೆಂಗಸಿಗೆ “ಅಭ್ಯಾಸ ಆಗ್ತದೆ” ಅಂತ ಹೇಳಿ ಕಳ್ಸೋರು ಒಂದ್ಸಲ ಆ ಕನ್ನಡಕ ಹಾಕ್ಕೊಂಡು ಮಳೆಗಾಲದಲ್ಲಿ ಕೊಟ್ಟಿಗೆಗೆ ಹೋಗಿ ಬರ್ಲಿ.

ಇದು ನನ್ನೊಬ್ಬಳ ಗೊಣಗಾಟ ಅಲ್ಲ. ಆಸ್ಟ್ರೇಲಿಯಾದಲ್ಲಿ ಇದನ್ನ ಪರೀಕ್ಷೆ ಮಾಡೇ ನೋಡವ್ರೆ, ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 2010ರಲ್ಲಿ ಬಂತು. ಬೈಫೋಕಲ್, ಪ್ರೋಗ್ರೆಸಿವ್ ಹಾಕೋ 606 ವಯಸ್ಸಾದೋರನ್ನ ತಗೊಂಡು, ಅರ್ಧ ಜನಕ್ಕೆ ಹೊರಗೆ ಓಡಾಡಕ್ಕೆ ಅಂತ ದೂರದ್ದು ಮಾತ್ರ ಇರೋ ಸಾದಾ ಕನ್ನಡಕ ಕೊಟ್ರು. ಹೊರಗಡೆ ಚೆನ್ನಾಗಿ ಓಡಾಡೋ ಅಭ್ಯಾಸ ಇದ್ದೋರಲ್ಲಿ ಬೀಳೋದು ನೂರಕ್ಕೆ 40ರಷ್ಟು ಕಮ್ಮಿ ಆಯ್ತು. ಆದ್ರೆ ಹೊರಗೆ ಹೋಗೋದೇ ಅಪರೂಪ ಅನ್ನೋರಿಗೆ ಇದ್ರಿಂದ ಲಾಭ ಆಗ್ಲಿಲ್ಲ, ಅವರು ಹೊರಗಡೆ ಬೀಳೋದು ಜಾಸ್ತಿನೇ ಆಯ್ತು. ಅದನ್ನ ಮುಚ್ಚಿಡಲ್ಲ. ಮನೆ ಬಿಟ್ಟು ಕದಲದ ಎಂಬತ್ತರ ಅಜ್ಜಿಗೆ ಒಗ್ಗಿರೋ ಕನ್ನಡಕನ ನಾನು ಹೇಳ್ದೆ ಅಂತ ಬದಲಾಯಿಸಕ್ಕೆ ಹೋಗ್ಬೇಡಿ. ನಾನು ಹೇಳ್ತಿರೋದು ದಿನಾ ತೋಟ, ಗದ್ದೆ, ಕೊಟ್ಟಿಗೆ ಅಂತ ಹತ್ತಿ ಇಳಿಯೋ ನಮ್ಮಂಥೋರಿಗೆ.

ಗೆರೆ ಇರೋ ಬೈಫೋಕಲ್ ತಗೊಂಡ್ರೆ ಸರಿಹೋಗ್ತದಾ ಅಂತ ಕೇಳ್ಬೇಡಿ, ಅದರ ಕೆಳಗೂ ಓದೋ ಗ್ಲಾಸೇ ಇರೋದು, ಮೆಟ್ಲ ಮೇಲೆ ಅದೂ ಇದೇ ಬಾಳು.

ಇನ್ನೊಂದು ಐತೆ. ಹತ್ರದ್ದೆಲ್ಲ ಕೆಳಗಡೆನೇ ಇರ್ತದೆ ಅಂತ ಲೆಕ್ಕ ಹಾಕಿ ಈ ಗ್ಲಾಸು ಮಾಡವ್ರೆ. ಮೇಜಿನ ಮುಂದೆ ಕೂತು ಕಾಗದ ನೋಡೋರಿಗೆ ಅದು ಸರಿ. ಅಡುಗೆಮನೆಯಲ್ಲಿ ಹತ್ರದ್ದು ತಲೆ ಮೇಲೂ ಇರ್ತದೆ. ಮೇಲಿನ ಶೆಲ್ಫಲ್ಲಿರೋ ಡಬ್ಬಿ ಮೇಲಿನ ಅಕ್ಷರ, ಅಟ್ಟದ ಮೇಲಿನ ಚೀಟಿ, ಕಾಫಿ ಗಿಡದಲ್ಲಿ ಮುಖದ ಮಟ್ಟದಲ್ಲಿರೋ ಹಣ್ಣು. ಇದನ್ನೆಲ್ಲ ನೋಡಕ್ಕೆ ಕತ್ತು ಹಿಂದಕ್ಕೆ ಮುರೀಬೇಕು. ಈಳಿಗೆ ಮಣೆ ಮುಂದೆ ಕೂತ್ರೆ ಸೊಪ್ಪು ಎರಡು ಅಡಿ ದೂರ, ಓದೋ ಭಾಗಕ್ಕೆ ಅದು ಜಾಸ್ತಿ ದೂರ. ಸಂಜೆ ಹೊತ್ತಿಗೆ ಕತ್ತು ನೋವು ಅಂತ ಯಾರಾದ್ರೂ ಅಂದ್ರೆ ಅಮೃತಾಂಜನ ಹಚ್ಚೋ ಮುಂಚೆ ಕನ್ನಡಕ ನೋಡಿ.

ಆನೆ ಮಾತೂ ಬರ್ಬೇಕು. ಅರಣ್ಯ ಇಲಾಖೆ ಮೆಸೇಜು ಬಂದಿರ್ತದೆ, ಈ ತೋಟದಲ್ಲಿ ಅವೆ ಅಂತ, ಆದ್ರೂ ಹಾಲು ಹಾಕಕ್ಕೆ ಹೋಗ್ಲೇಬೇಕು. ದಾರಿ ಉದ್ದಕ್ಕೂ ಎಡಗಡೆ ಬಲಗಡೆ ಓರೆಗಣ್ಣಲ್ಲಿ ನೋಡ್ಕೊಂಡ್ ನಡೆಯೋ ಊರು ನಮ್ದು. ಪ್ರೋಗ್ರೆಸಿವ್‌ನಲ್ಲಿ ಓರೆಗಣ್ಣೇ ಮೊದ್ಲು ಮಂಕಾಗೋದು. ಆನೆ ಕಾಣಲ್ಲ ಅಂತಲ್ಲ, ನೆರಳೋ ಆನೆನೋ ಅಂತ ತಿಳಿಯಕ್ಕೆ ಕತ್ತು ಪೂರ್ತಿ ತಿರುಗ್ಸಿ ಒಂದು ಗಳಿಗೆ ನಿಲ್ಲಬೇಕಾಗ್ತದೆ.

ಈಗ ಅಳತೆ ವಿಷಯ, ಇಲ್ಲಿ ನಂಗೆ ಸಿಟ್ಟು ಜಾಸ್ತಿ. ಸಾದಾ ಗ್ಲಾಸಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಆದ್ರೂ ನಡೀತದೆ, ಪ್ರೋಗ್ರೆಸಿವ್‌ನಲ್ಲಿ ಎರಡು ಮೂರು ಮಿಲಿಮೀಟರ್ ಏರುಪೇರಾದ್ರೆ ಓಣಿ ಕಣ್ಣಿಗೆ ಸಿಗಲ್ಲ. ನೀವು ಆರಿಸಿದ ಫ್ರೇಮನ್ನೇ ನಿಮ್ಮ ಮುಖಕ್ಕೆ ಸರಿಯಾಗಿ ಕೂರ್ಸಿ, ನೀವು ನೆಟ್ಟಗೆ ಮುಂದೆ ನೋಡ್ತಿರುವಾಗ ಎರಡೂ ಕಣ್ಣಿನ ಪಾಪೆ ಎಲ್ಲಿ ಬರ್ತದೆ ಅಂತ ಅದರ ಮೇಲೆ ಪೆನ್ನಲ್ಲಿ ಗುರುತು ಹಾಕ್ಬೇಕು, ಇಲ್ಲಾ ಮಿಷಿನ್ನಲ್ಲಿ ಅಳೀಬೇಕು. ಮೂಗಿನ ನಡುವಿಂದ ಎಡಗಣ್ಣಿಗೆ ಎಷ್ಟು, ಬಲಗಣ್ಣಿಗೆ ಎಷ್ಟು ಅಂತ ಬೇರೆಬೇರೆ ತಗೋಬೇಕು. ಎಷ್ಟೋ ಜನಕ್ಕೆ ಎರಡೂ ಒಂದೇ ಇರಲ್ಲ. ನಾನು ಹೋಗಿದ್ದ ಅಂಗಡಿಯಲ್ಲಿ ಮೊದ್ಲ ಸಲ ಇದ್ಯಾವ್ದೂ ಮಾಡ್ಲಿಲ್ಲ, ಚೀಟಿ ತಗೊಂಡ್ರು, ಅಡ್ವಾನ್ಸ್ ತಗೊಂಡ್ರು, ಮುಂದಿನ ವಾರ ಬನ್ನಿ ಅಂದ್ರು. ಕನ್ನಡಕ ಬಂದ್ಮೇಲೆ ಓದಕ್ಕೆ ಗಲ್ಲ ಮೇಲೆತ್ತಬೇಕಾಗಿತ್ತು, ಬಲಗಣ್ಣಿಗೆ ಒಂದು ಥರ ಎಡಗಣ್ಣಿಗೆ ಇನ್ನೊಂದು ಥರ. ಅದಕ್ಕೂ ಅದೇ ಉತ್ತರ, ಅಭ್ಯಾಸ ಆಗ್ತದೆ ಅಮ್ಮ. ಮೂರು ಸಲ ಹೋಗಿ ಕೂತ್ಮೇಲೆ ಅಳತೆ ತಗೊಂಡು ಬೇರೆ ಹಾಕಿಕೊಟ್ರು. ಅದು ನಾಲ್ಕೇ ದಿನಕ್ಕೆ ಒಗ್ತು.

ಹಂಗಾಗಿ ಎರಡು ವಾರ ಕಳೆದ್ರೂ ಓದಕ್ಕೆ ಗಲ್ಲ ಎತ್ತಬೇಕು, ಟೀವಿ ನೋಡಕ್ಕೆ ತಲೆ ಬಗ್ಗಿಸ್ಬೇಕು, ಅಕ್ಷರ ಕಾಣಕ್ಕೆ ಮುಖ ಒಂದು ಪಕ್ಕಕ್ಕೆ ತಿರುಗಿಸ್ಬೇಕು ಅಂತಿದ್ರೆ ತಪ್ಪು ನಿಮ್ದಲ್ಲ, ನಿಮ್ಮ ವಯಸ್ಸಿಂದೂ ಅಲ್ಲ. ವಾಪಸ್ ಹೋಗಿ. ಒಗ್ಗದಿದ್ರೆ ಬದಲಿಸಿಕೊಡ್ತೀರಾ, ಎಷ್ಟು ದಿನದೊಳಗೆ ಬರ್ಬೇಕು ಅಂತ ದುಡ್ಡು ಕೊಡೋ ಮುಂಚೆನೇ ಕೇಳಿ, ಬಿಲ್ಲಿನ ಮೇಲೆ ಬರೆಸ್ಕೊಳ್ಳಿ. ಸಕ್ಕರೆ ಕಾಯಿಲೆ ಇರೋರು ಸಕ್ಕರೆ ಹತೋಟಿಗೆ ಬರೋ ತನಕ ಪವರ್ ಟೆಸ್ಟೇ ಮಾಡಿಸ್ಬೇಡಿ. ಸಕ್ಕರೆ ಏರಿ ಇಳಿದಂಗೆ ಪವರೂ ಬದಲಾಗ್ತದೆ.

ನಮ್ಮೋರು ವಾಪಸ್ ಹೋಗಲ್ಲ ಅನ್ನೋದೇ ದೊಡ್ಡ ಕಥೆ. ಯಾಕಂದ್ರೆ ಮುಕ್ಕಾಲು ಪಾಲು ಈ ಕನ್ನಡಕ ಮಗಳೋ ಸೊಸೆಯೋ ಪ್ರೀತಿಯಿಂದ ಕೊಡಿಸಿದ್ದು. ಗೆರೆ ಇದ್ರೆ ಮುದುಕಿ ಥರ ಕಾಣ್ತೀಯ ಅಂತ ದುಬಾರಿದೇ ಕೊಡ್ಸಿರ್ತಾರೆ. ಅಷ್ಟು ದುಡ್ಡು ಹಾಕವ್ರೆ, ಬ್ಯಾಡ ಅನ್ನೋದು ಹೆಂಗೆ? ಕನ್ನಡಕ ಡಬ್ಬಿ ಸಮೇತ ಬೀರುವಿನಲ್ಲಿ ಸೀರೆ ಕೆಳಗೆ ಹೋಗಿ ಕೂರ್ತದೆ, ಮಕ್ಕಳು ಬಂದಾಗ ಮಾತ್ರ ಮೂಗಿಗೆ ಏರ್ತದೆ. ಉಳಿದ ದಿನ ಅಕ್ಕಿಯಲ್ಲಿ ಕಲ್ಲು ಕಾಣಲ್ಲ, ಮಾತ್ರೆ ಹೆಸರು ಓದಕ್ಕಾಗಲ್ಲ, ಸೂಜಿಗೆ ದಾರ ಮೊಮ್ಮಗನ ಕೈಲಿ ಪೋಣಿಸ್ಬೇಕು. ಇಂಥ ಡಬ್ಬಿಗಳು ನಮ್ಮ ನೆಂಟರ ಮನೇಲೇ ನಾಲ್ಕು ಅವೆ, ಯಾರ ಮನೆ ಅಂತ ಬರೆಯಲ್ಲ, ಓದ್ತಿರೋರಿಗೆ ಗೊತ್ತಾಗ್ತದೆ.

ಮಕ್ಕಳಿಗೆ ನಾನು ಹೇಳೋದು ಇಷ್ಟು. ಒಂದು ಪ್ರೋಗ್ರೆಸಿವ್‌ಗೆ ಹಾಕೋ ದುಡ್ಡಲ್ಲಿ ಸಾದಾ ಎರಡು ಕನ್ನಡಕ ಬಂದು ಮೇಲೆ ಉಳೀತದೆ. ದೂರದ್ದೊಂದು ತೋಟಕ್ಕೆ, ಮೆಟ್ಲಿಗೆ. ಹತ್ರದ್ದೊಂದು ದಾರ ಕಟ್ಟಿ ಕೊರಳಿಗೆ. ಕಳೆದು ಹಾಕ್ತಾರೆ ಅನ್ನೋರು ಮಾಂಗಲ್ಯ ಎಷ್ಟು ಸಲ ಕಳೆದವ್ರೆ ಅಂತ ಅಮ್ಮನ್ನೇ ಕೇಳ್ಲಿ. ಇನ್ನು ದೂರಕ್ಕೆ ಪವರೇ ಇಲ್ಲದೋರಿಗೆ ಪ್ರೋಗ್ರೆಸಿವ್ ಮಾರೋದನ್ನ ಏನಂತ ಕರೀಬೇಕೋ ನೀವೇ ಹೇಳಿ. ಅವರಿಗೆ ಓದಕ್ಕೆ ಒಂದು ಸಾದಾ ಗ್ಲಾಸು, ಹೊರಗೆ ಹೋಗುವಾಗ ಬರಿಗಣ್ಣು, ಮುಗೀತು. ಸಾದಾ ಗ್ಲಾಸು ಕೀಳು ಅಂದ್ಕೋಬೇಡಿ. ಅಸ್ಸಾಂ ಟೀ ತೋಟದಲ್ಲಿ ನಲವತ್ತು ದಾಟಿದ ಕೆಲಸದೋರಿಗೆ ಹತ್ರದ್ದು ಕಾಣೋ ಸಾದಾ ಕನ್ನಡಕ ಕೊಟ್ಟು ನೋಡಿದ್ರು, 2018ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್‌ನಲ್ಲಿ ಬಂದೈತೆ. ದಿನಕ್ಕೆ ಕುಯ್ಯೋ ಎಲೆ, ಕನ್ನಡಕ ಇಲ್ಲದೋರಿಗಿಂತ ನೂರಕ್ಕೆ 20ಕ್ಕೂ ಜಾಸ್ತಿ ಏರ್ತು. ನಮ್ಮ ಕಾಫಿ ಕುಯ್ಯೋ ಹೆಂಗಸ್ರಿಗೆ ಯಾವ ತೋಟದ ಯಜಮಾನ್ರು ಇದನ್ನ ಕೊಡ್ಸವ್ರೆ ಹೇಳಿ ನೋಡೋಣ. ಹಣ್ಣಿನ ಜೊತೆ ಕಾಯಿ ಕುಯ್ದೆ ಅಂತ ಬೈಯೋದು ಮಾತ್ರ ಬರ್ತದೆ.

ನನ್ನ ಪ್ರೋಗ್ರೆಸಿವ್ ನಾನು ಎಸೆದಿಲ್ಲ. ಬ್ಯಾಂಕಿಗೆ, ಮದ್ವೆ ಮನೆಗೆ, ಸೀರೆ ಅಂಗಡಿಗೆ ಅದೇ ಒಳ್ಳೇದು, ಬೆಲೆ ಚೀಟಿನೂ ಕಾಣ್ತದೆ, ಆ ಕಡೆ ಕೂತಿರೋ ಅತ್ಗೆ ಮುಖನೂ ಕಾಣ್ತದೆ. ಅಂಗಳದ ಮೆಟ್ಲ ಹತ್ರ ಮಾತ್ರ ಗೋಡೆಗೆ ಒಂದು ಮೊಳೆ ಹೊಡೆದಿದೀನಿ. ಇಳಿಯುವಾಗ ಅದು ಮೊಳೆಗೆ, ದೂರದ್ದು ಮೂಗಿಗೆ.

ಮುಂದಿನ ವಾರ ಮಗ್ಗೆ ಚಿಕ್ಕವ್ವನ್ನ ಕರ್ಕೊಂಡು ಹಾಸನಕ್ಕೆ ಹೋಗ್ತಿದೀನಿ. ಬೀರುವಿನಲ್ಲಿ ಡಬ್ಬಿ ಇಟ್ಕೊಂಡಿರೋರು ಯಾರಾದ್ರೂ ಬರೋದಾದ್ರೆ ಬಿಲ್ಲು ಹುಡುಕಿಟ್ಕೊಂಡು ಫೋನ್ ಮಾಡಿ. ಅಳತೆ ಹೆಂಗೆ ತಗೋತಾರೆ ಅಂತ ಪಕ್ಕದಲ್ಲೇ ನಿಂತು ನೋಡ್ತೀನಿ.