ನುಗ್ಗೆಸೊಪ್ಪೂ ಗುಳಿಗೆಯೂ

ಮಧ್ಯಾಹ್ನ ಊಟದ ಡಬ್ಬಿ ತೆರೆದೊಡನೆ ಪಲ್ಯದ ನುಗ್ಗೆಸೊಪ್ಪನ್ನೂ ಒಗ್ಗರಣೆಯ ಕರಿಬೇವನ್ನೂ ಬದಿಗೆ ಸರಿಸುವ ವಿದ್ಯಾರ್ಥಿಗಳನ್ನು ನಾವು ದಿನವೂ ಕಾಣುತ್ತೇವೆ. ಅದೇ ಸೊಪ್ಪನ್ನು ಪುಡಿಮಾಡಿ ಸೀಸೆಯಲ್ಲಿ ತುಂಬಿ, 'ಆಂಟಿಆಕ್ಸಿಡೆಂಟ್' ಎಂಬ ಚೀಟಿ ಅಂಟಿಸಿದರೆ ಹಿರಿಯರು ಹಣ ತೆತ್ತು ಕೊಳ್ಳುತ್ತಾರೆ. ಇವೆರಡೂ ನಮಗೆ ಸರಿದೋರುವುದಿಲ್ಲ.

ಹಳೆಯ ಎಣ್ಣೆ ಕಮಟು ಹಿಡಿಯುವುದು ಉತ್ಕರ್ಷಣದಿಂದ. ಇಂಥ ಕ್ರಿಯೆ ದೇಹದಲ್ಲಿ ಮಿತಿಮೀರಿದರೆ ಜೀವಕೋಶಗಳಿಗೆ ಹಾನಿಯುಂಟು. ಅದನ್ನು ತಡೆಯಬಲ್ಲ ವಸ್ತುಗಳೇ ಉತ್ಕರ್ಷಣ ನಿರೋಧಕಗಳು. ನುಗ್ಗೆಯ ಎಲೆಯಲ್ಲಿ ಕ್ವೆರ್ಸೆಟಿನ್, ಕ್ಲೋರೊಜೆನಿಕ್ ಆಮ್ಲ, ಬೀಟಾ ಕ್ಯಾರೊಟಿನ್ ಮೊದಲಾದವು ಇವೆ. ಪ್ರಯೋಗಶಾಲೆಯಲ್ಲಿ ಡಿಪಿಪಿಎಚ್ ಎಂಬ ನೇರಳೆ ಬಣ್ಣದ ದ್ರಾವಣಕ್ಕೆ ಈ ಎಲೆಯ ಸಾರವನ್ನು ಬೆರೆಸಿದರೆ ನೇರಳೆ ಅಳಿದು ಹಳದಿ ಮೂಡುತ್ತದೆ.

ಆದರೆ ಗಾಜಿನ ನಳಿಗೆ ಮನುಷ್ಯನ ಮೈಯಲ್ಲ. ಫಿನ್ಲೆಂಡಿನಲ್ಲಿ ಸುಮಾರು 29,000 ಮಂದಿ ಧೂಮಪಾನಿ ಪುರುಷರನ್ನು ಆರಿಸಿ, ಅವರಲ್ಲಿ ಅರ್ಧದಷ್ಟು ಜನರಿಗೆ ಬೀಟಾ ಕ್ಯಾರೊಟಿನ್ನಿನ ಗುಳಿಗೆಯನ್ನು ವರ್ಷಗಟ್ಟಲೆ ಕೊಟ್ಟರು. ಫಲಿತಾಂಶ 1994ರಲ್ಲಿ ಪ್ರಕಟವಾಯಿತು. ಗುಳಿಗೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರು ಕಡಿಮೆಯಾಗಿರಲಿಲ್ಲ. ನುಂಗದವರಿಗಿಂತ ನೂರಕ್ಕೆ 18ರಷ್ಟು ಹೆಚ್ಚಾಗಿತ್ತು!

ಆದುದರಿಂದ, ವಿದ್ಯಾರ್ಥಿಮಿತ್ರರೇ, ಸೊಪ್ಪನ್ನು ಔಷಧವೆಂದಲ್ಲ, ಆಹಾರವೆಂದು ಉಣ್ಣಿರಿ. ಊರಿನ ಹಿತ್ತಿಲ ನುಗ್ಗೆಮರ ಮುಂಬಯಿಯ ಚಾಳಿಗೆ ನಮ್ಮೊಡನೆ ಬರಲಿಲ್ಲ. ಆದರೂ ಇಲ್ಲಿನ ಮಾರುಕಟ್ಟೆಯಲ್ಲಿ ಸೊಪ್ಪು ಸಿಕ್ಕುತ್ತದೆ. ಕಾಯಿಲೆಯಾದರೆ ವೈದ್ಯರಲ್ಲಿಗೆ ಹೋಗಿರಿ. ಎಲೆಯೊಂದು ಸರ್ವರೋಗಕ್ಕೂ ಮದ್ದೆಂದು ಯಾರಾದರೂ ಹೇಳಿದಾಗ, "ನಳಿಗೆಯಲ್ಲಿ ನೋಡಿದಿರೋ, ಮನುಷ್ಯರಲ್ಲಿಯೋ?" ಎಂದು ವಿನಯದಿಂದ ಕೇಳಿರಿ. ವಿಜ್ಞಾನ ಓದಿದವರಿಗೆ ಅಷ್ಟು ಧೈರ್ಯ ಬೇಕೆಂಬುದು ನಮ್ಮ ಅಭಿಪ್ರಾಯ.